ಹಗೇವು ತೆಗೆಸಿದ ಆಯಿ

ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದಾಗ, ಡಬ್ಬಿಯ ತಳ ಕಾಣುತ್ತಿದ್ದರೂ "ಐತಿ, ಕುಂದರ್ರಿ" ಎಂದು ಹೇಳಿ, ಹಿತ್ತಲ ಬಾಗಿಲಿನಿಂದ ಮಗನನ್ನು ಅಂಗಡಿಗೆ ಓಡಿಸಿದ್ದೀರೋ ಇಲ್ಲವೋ? ಸುಳ್ಳು ಹೇಳಬೇಡಿ, ನಿಮ್ಮಂಥವರನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಆಯಿ ಮಾತ್ರ ಆ ಕೆಲಸ ಮಾಡಿದವಳಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳ ಕಿವಿಯ ತೂತು ಎಷ್ಟು ದೊಡ್ಡದಿತ್ತೆಂದರೆ ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಗುತ್ತಿತ್ತು. ಒಂದು ಕಾಲಕ್ಕೆ ಅಲ್ಲಿ ಭಾರದ ಬಂಗಾರ ತೂಗಾಡುತ್ತಿತ್ತಂತೆ. ನಾನು ಕಂಡಾಗ ಜೋಳದ ದಂಟಿನ ತುಂಡು ಸಿಕ್ಕಿಸಿಕೊಂಡಿರುತ್ತಿದ್ದಳು, ಕೆಲವು ದಿನ ಅದೂ ಇಲ್ಲ. ಯಾಕೆ ಎಂದು ಕೇಳಿದರೆ, "ಗಾಳಿ ಆಡ್ಲಿ ಅಂತ ಬಿಟ್ಟೇನಿ" ಎನ್ನುತ್ತಿದ್ದಳು.

ಯಾರಾದರೂ ಬಟ್ಟಲು ಹಿಡಿದು ಬಂದರೆ, ಇದ್ದರೆ ಕೊಡುತ್ತಿದ್ದಳು. ಇಲ್ಲದಿದ್ದರೆ ಓಣಿಗೆಲ್ಲ ಕೇಳುವಂತೆ, "ಇಲ್ಲವಾ, ನಮ್ಮ ಮನ್ಯಾಗೂ ಮುಗದೈತಿ" ಎಂದು ಕೂಗಿ ಹೇಳುತ್ತಿದ್ದಳು. ಬಂದವರು ನಂಬದಿದ್ದರೆ ಗಡಿಗೆಯನ್ನೇ ಬೋರಲು ಹಾಕಿ ತೋರಿಸುತ್ತಿದ್ದಳು. ಒಳಗೆ ನಮ್ಮ ಅವ್ವ ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದಳು. ಅವ್ವ ಹಬ್ಬಕ್ಕೆ ಸೀರೆ ಕೇಳಲಿ, ಅಪ್ಪ ಸೈಕಲ್ಲು ಕೊಳ್ಳುತ್ತೇನೆನ್ನಲಿ, ಆಯಿಯದು ಒಂದೇ ಪ್ರಶ್ನೆ: "ಇದು ಬಳಸಾಕೋ, ತೋರಸಾಕೋ?" ಬಳಸಲು ಎಂದು ಅವಳಿಗೆ ಒಪ್ಪಿಗೆಯಾಗುವ ತನಕ ಸೆರಗಿನ ಗಂಟು ಬಿಚ್ಚುತ್ತಿರಲಿಲ್ಲ.

ಅವಳು ಹೀಗಾದದ್ದಕ್ಕೆ ಒಂದು ಕಾರಣವಿದೆ. ಅದು ಬ್ರಿಟಿಷರ ಕಾಲದ್ದು, ಬೈಲಹೊಂಗಲಕ್ಕೆ ಇನ್ನೂ ಎತ್ತಿನ ಗಾಡಿಯಲ್ಲೇ ಹತ್ತಿ ಹೋಗುತ್ತಿದ್ದಾಗಿನದು. ಕುಳ್ಳು ತಟ್ಟುತ್ತ, ಹತ್ತಿ ಬಿಡಿಸುತ್ತ ಅವಳೇ ನನಗೆ ತುಂಡು ತುಂಡಾಗಿ ಹೇಳಿದ್ದಾಳೆ.

ಈಗಿನವರಿಗೆ ಹಗೇವು ಗೊತ್ತಿಲ್ಲ. ಜೋಳ ತುಂಬಿಡಲು ನೆಲದಲ್ಲಿ ಆಳಕ್ಕೆ ತೋಡಿದ ಕುಣಿ ಅದು. ಬಾಯಿಗೆ ಒಂದು ಕಲ್ಲು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಸಾರಣೆ. ಆಗಿನ ಮನೆಗಳಿಗೆ ಅದೇ ಬ್ಯಾಂಕು. ಹಗೇವು ತುಂಬಿದ ಮನೆಗೆ ಹೆಣ್ಣು ಸಿಗುತ್ತಿತ್ತು, ಸಾಲ ಸಿಗುತ್ತಿತ್ತು, ಕಟ್ಟೆಯ ಮೇಲೆ ಕೂರಲು ಜಾಗ ಸಿಗುತ್ತಿತ್ತು.

ಆಯಿ ರಾಮದುರ್ಗದ ಕಡೆಯಿಂದ ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಳು. ಅವಳ ಅತ್ತೆ, ತನ್ನ ಗಂಡ ತೀರಿದ ಮೇಲೆ ಒಬ್ಬಳೇ ಮನೆ ನಡೆಸುತ್ತಿದ್ದ ಗಟ್ಟಿ ಹೆಂಗಸು. ಆ ಮನೆಯ ಹಗೇವಿಗೆ ಸುತ್ತಲ ಊರುಗಳಲ್ಲಿ ದೊಡ್ಡ ಹೆಸರು. ಆದರೆ ಹಗೇವಿನ ಜೋಳಕ್ಕೆ ಒಂದು ಮುಗ್ಗಲು ವಾಸನೆ ಇರುತ್ತದೆ, ರೊಟ್ಟಿ ಬೇಯುವಾಗ ಅದು ಏಳುತ್ತದೆ. ಈ ಮನೆಯ ಹಂಚಿನಿಂದ ಅದು ಏಳಲೇ ಇಲ್ಲ.

"ಅತ್ತೀ, ಇದು ನಮ್ಮ ಹಗೇದಾಗಿನ ಜ್ವಾಳ ಅಲ್ಲೇನ್ರಿ?"

"ಮೂಗ ಆಮ್ಯಾಲ. ಮೊದಲ ರೊಟ್ಟಿ ಬಡಿ."

ಗಂಡನನ್ನು, ಅಂದರೆ ನಮ್ಮ ಮುತ್ಯಾನನ್ನು, ಕೇಳಿದಳು. ಮುತ್ಯಾ ಎಲ್ಲ ಹೇಳಿ, "ಅವ್ವಗ ಏನೂ ಅನ್ನಬ್ಯಾಡ" ಎಂದರು. ಇವರದೇ ಮದುವೆಗೆ ಊರಿಗೆ ಊರೇ ಉಂಡು ಹಗೇವು ಬರಿದಾಗಿತ್ತು. ಅತ್ತೆ ಕಲ್ಲು ಮುಚ್ಚಿಸಿ, ಮಣ್ಣು ಮೆತ್ತಿಸಿ, ಯಾರಿಗೂ ಹೇಳದೆ ಸುಮ್ಮನಾಗಿದ್ದಳು. ಉಣ್ಣುವ ಜೋಳ ಸವದತ್ತಿ ಸಂತೆಯಿಂದ ಉದ್ದರಿಯಲ್ಲಿ ಬರುತ್ತಿತ್ತು. ಗಾಡಿಯ ಮೇಲ್ಭಾಗಕ್ಕೆ ದನಕ್ಕೆಂದು ತಂದ ಹತ್ತಿಕಾಳಿನ ಚೀಲ, ಅದರ ಕೆಳಗೆ ಜೋಳದ ಚೀಲ. ಮೇಲಿನ ಖರ್ಚಿಗೆ ಬೈಲಹೊಂಗಲದ ಒಬ್ಬ ಸಾವುಕಾರನಿಂದ ಸಾಲ ತಂದು ಕೆರೆಯ ಹೊಲ ಒತ್ತೆ ಇಟ್ಟಿದ್ದರು.

ಇನ್ನೂ ಕೇಳಿ. ನೆರೆಯವರು ಜೋಳ ಕಡ ಕೇಳಲು ಬಂದರೆ ಅತ್ತೆ ಆ ಸಾಲದ ಜೋಳವನ್ನೇ ಸೇರಿನ ಮೇಲೆ ಶಿಖರ ಏಳುವಂತೆ ಅಳೆದು ಕೊಡುತ್ತಿದ್ದಳು. ಇಲ್ಲವೆಂದರೆ ಗುಟ್ಟು ಹೊರಬೀಳುತ್ತದೆ. ತಿರುಗಿ ಕೇಳುವಂತೆಯೂ ಇಲ್ಲ, ತುಂಬಿದ ಹಗೇವಿನವರು ಎರಡು ಸೇರು ಜೋಳ ಯಾಕೆ ಕೇಳುತ್ತಾರೆ? ದೀಪಾವಳಿ ಪಾಡ್ಯದ ದಿನ ಖಾಲಿ ಹಗೇವಿನ ಮೇಲೆ ಸೆಗಣಿಯ ಪಾಂಡವರ ಗೊಂಬೆಗಳನ್ನಿಟ್ಟು, ಹೂ ಚುಚ್ಚಿ, ಹಿಂದಿಗಿಂತ ಜೋರಾಗಿ ಪೂಜೆ ಮಾಡಿಸಿದಳು. ಆರತಿ ಬೆಳಗಿದವಳು ಆಯಿಯೇ.

ಮುಂದೆ ಆಯಿಯ ನಾದಿನಿಯನ್ನು, ಅಂದರೆ ಮುತ್ಯಾನ ತಂಗಿಯನ್ನು, ನೋಡಲು ದೇಗಾಂವದಿಂದ ಬೀಗರು ಬಂದರು. ಹುಡುಗಿ ಮನಸ್ಸಿಗೆ ಬಂದಳು. ಬಾಗಿಲ ಸಂದಿಯಿಂದ ನೋಡಿದ ಹುಡುಗಿಗೂ ಹುಡುಗ ಮನಸ್ಸಿಗೆ ಬಂದ. ಹುಡುಗನ ತಾಯಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದಳು: "ನಮಗ ಬಂಗಾರ ಬ್ಯಾಡ್ರಿ ಅಕ್ಕಾರ. ನಿಮ್ಮ ಹಗೇವಿನ ಹೆಸರ ಕೇಳಿ ಬಂದೇವಿ. ಎರಡೂ ಊರು ಉಣ್ಣೂವಂಗ ಮದುವಿ ಮಾಡಿಕೊಡ್ರಿ, ಸಾಕು."

"ಅದಕ್ಕೇನ ಕಡಿಮಿ ಐತಿ, ಆಗ್ಲಿ ತಗೋರಿ" ಎಂದಳು ಅತ್ತೆ. ಎದ್ದು ಅಡುಗೆಮನೆಗೆ ಬಂದು ಮಗನಿಗೆ ಮೆಲ್ಲಗೆ, "ನಾಳೆ ಬೈಲಹೊಂಗಲಕ್ಕ ಹೋಗಿ ಬಾವಿ ಹೊಲಾನೂ ಬರದ ಕೊಟ್ಟ ಬಾ" ಎಂದಳು.

ಉಳಿದದ್ದು ಅದೊಂದೇ ಹೊಲ. ಒಲೆಯ ಮುಂದೆ ಕೂತಿದ್ದ ಆಯಿ ಹಿಟ್ಟಿನ ಕೈಯಲ್ಲೇ ಎದ್ದಳು. ಪಡಸಾಲೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತು, "ಬೀಗತೆವ್ವಗ ನಮ್ಮ ಹಗೇದ ಜ್ವಾಳದಿಂದನ ಉಡಿ ತುಂಬೋಣ್ರಿ. ಕಲ್ಲ ಎತ್ತಸ್ರಿ" ಎಂದಳು.

ಅತ್ತೆ ಓಡಿ ಬಂದಳು. "ಇವತ್ತ ಮಂಗಳವಾರ. ಹಗೇವ ತಗೀಬಾರದು."

"ಇವತ್ತ ಬುಧವಾರ ಅಲ್ರಿ ಅಕ್ಕಾರ?" ಎಂದಳು ಹುಡುಗನ ತಾಯಿ.

ಮುತ್ಯಾ ತಾಯಿಯ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಹೋಗಿ ಹಾರೆ ತಂದರು.

ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮುಚ್ಚಿಟ್ಟ ಕಾಳಿನ ಕಾವಿಗೆ ಒಳಗಿನ ಗಾಳಿ ಕೆಟ್ಟು ಉಸಿರು ಕಟ್ಟುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಾರೆ. ದೀಪ ಆರಿದರೆ ಗಾಳಿ ತಿಳಿಯಾಗುವ ತನಕ ಕಾಯುತ್ತಾರೆ. ದೀಪ ಬೇಗ ಆರಿದಷ್ಟೂ ಹಗೇವು ಭರ್ತಿ ಎಂದು ಲೆಕ್ಕ. ಬೀಗರೆಲ್ಲ ದೀಪ ಆರುವುದನ್ನು ನೋಡಲು ಸುತ್ತ ಬಗ್ಗಿ ನಿಂತರು. ಮುತ್ಯಾ ಹಗ್ಗ ಬಿಡುತ್ತ ಹೋದರು. ದೀಪ ಇಳಿಯಿತು, ಇನ್ನೂ ಇಳಿಯಿತು, ಕುಣಿಯ ತಳಕ್ಕೆ ಹೋಗಿ ಕೂತಿತು. ಆರಲಿಲ್ಲ. ತಳದ ಹೊಟ್ಟು, ಒಂದು ಹರಿದ ಬುಟ್ಟಿ ಎಲ್ಲ ಚೆನ್ನಾಗಿ ಕಂಡವು.

ಹುಡುಗನ ತಾಯಿ ನೆಟ್ಟಗಾಗಿ ಸೀರೆ ಕೊಡವಿಕೊಂಡಳು. "ನಿಮ್ಮ ದೀಪ ಭಾಳ ಗಟ್ಟಿ ಐತ್ರಿ ಅಕ್ಕಾರ" ಎಂದಳು. ಊಟ ಮಾಡದೆ ಗಾಡಿ ಹತ್ತಿದರು.

ಅತ್ತೆ ಸೊಸೆಯ ಸಂಗಡ ಮಾತು ಬಿಟ್ಟಳು. ಹೇಳುವುದಿದ್ದರೆ ಬೆಕ್ಕಿಗೆ ಹೇಳುತ್ತಿದ್ದಳು: "ಏ ಬೆಕ್ಕ, ಅಕಿಗೆ ಹೇಳು, ಸಾರಿಗೆ ಉಪ್ಪಿಲ್ಲ." ಸುದ್ದಿ ಹಬ್ಬಿದ ಮೇಲೆ ಸಾಲ ಕೊಟ್ಟವರು ಯಾರೂ ಕಾಯಲಿಲ್ಲ. ಸವದತ್ತಿಯ ಅಂಗಡಿಯ ಬಾಕಿಗೆ ಆಯಿಯ ಕಿವಿಯ ಬಂಗಾರ, ಸೊಂಟದ ಡಾಬು, ಅತ್ತೆಯ ಕಡಗ ಹೋದವು. ಕೆರೆಯ ಹೊಲ ಸಾವುಕಾರನ ಪಾಲಾಯಿತು. ಕಡ ಒಯ್ದವರಲ್ಲಿ ಕೆಲವರು ಜೋಳ ತಂದು ಬಾಗಿಲಲ್ಲಿ ಸುರಿದು ಮಾತಾಡದೆ ಹೋದರು. ಉಳಿದವರು ಬೇರೆ ಓಣಿಯಿಂದ ತಿರುಗಾಡಲು ಕಲಿತರು. ಬಾವಿ ಹೊಲವೊಂದು ಉಳಿಯಿತು. ಅದರ ಹತ್ತಿ ಮಾರಿಯೇ ಮುಂದೆ ನನ್ನನ್ನು ಧಾರವಾಡಕ್ಕೆ ಓದಲು ಕಳಿಸಿದ್ದು. ಮೊನ್ನೆ ಮೊಮ್ಮಗಳು ಕಲಿಸಿಕೊಟ್ಟಂತೆ ಈ ಫೋನಿನಲ್ಲಿ ಅಕ್ಷರ ಒತ್ತುತ್ತಿರುವಾಗಲೂ ನನಗೆ ಆ ಹೊಲದ ಋಣವೇ ನೆನಪಾಗುತ್ತದೆ.

ಆದರೆ ಆ ಹೊಲಕ್ಕೆ ಬೆಲೆ ತೆತ್ತವಳು ನಾದಿನಿ. ಅವಳನ್ನು ಕೆಲವು ವರ್ಷಗಳ ಮೇಲೆ ಉಗರಗೋಳದ ಒಬ್ಬ ಸಣ್ಣ ಅಂಗಡಿಯವನಿಗೆ ಕೊಟ್ಟರು. ವಯಸ್ಸು ಹೆಚ್ಚಾಗಿದ್ದ ಗಂಡ. ದೇವಿಯ ಗುಡ್ಡಕ್ಕೆ ಜನ ಬಂದ ದಿನ ಕಾಯಿ, ಕುಂಕುಮ ಮಾರಿ ಒಲೆ ಉರಿಯುತ್ತಿತ್ತು. ಪಂಚಮಿಗೆ ತವರಿಗೆ ಬಂದರೆ ನಮ್ಮನ್ನೆಲ್ಲ ನಗಿಸುತ್ತಿದ್ದಳು. ಆಯಿಯ ಜೊತೆ ಮಾತ್ರ ಬೇಕಾದಷ್ಟೇ ಮಾತು. ದೇಗಾಂವದ ಸುದ್ದಿಯನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ.

ಆಯಿ ತೀರಿಕೊಳ್ಳುವ ಹಿಂದಿನ ವಾರ ನಾದಿನಿ ಬಂದು ಹಾಸಿಗೆಯ ಕಾಲ ಕಡೆ ಕೂತಳು. ನಾನು ಗಂಜಿ ಕುಡಿಸುತ್ತಿದ್ದೆ. ಆಯಿ ಬಟ್ಟಲು ಸರಿಸಿ ಹೇಳಿದಳು: "ನಾ ಹೊಲ ಉಳಿಸಿದೆ, ನಿನ್ನ ಬಾಳೇ ಕೆಡಿಸಿದೆ. ದೇಗಾಂವದ ಮನ್ಯಾಗ ನೀ ರಾಣಿ ಆಗಿ ಇರತಿದ್ದಿ."

ನಾದಿನಿ ಅವಳ ಪಾದ ತಿಕ್ಕತೊಡಗಿದಳು. ತಲೆ ಎತ್ತದೆ ಅಂದಳು:

"ರಾಣಿ ಅಂತ ರಾಣಿ. ಅವರ ಹಗೇವ ಯಾರ ತಗದ ನೋಡಿದ್ರು, ವೈನಿ?"