ಹಗೇವಿಗೆ ಸುರಿದ ಬೀಜದ ರಾಗಿ

ಆ ಬೇಸಿಗೆಯಲ್ಲಿ ನಾನು ನೆಮ್ಮದಿಯಾಗಿ ಕೂತು ಒಂದು ತುತ್ತು ಉಂಡ ನೆನಪಿಲ್ಲ. ಯುದ್ಧದ ಕಾಲ. ಸರ್ಕಾರದ ಲೆವಿಯವರು ಮನೆಮನೆಗೆ ಬಂದು ಧಾನ್ಯ ಅಳೆದು ಒಯ್ಯುತ್ತಿದ್ದರು. ಬೀಜಕ್ಕೆ ಅಂದರೆ ಬಿಡುತ್ತಾರೆ ಎಂದು ಕೆಲವರು, ಬಿಡುವುದಿಲ್ಲ ಎಂದು ಕೆಲವರು. ನಮ್ಮ ಯಜಮಾನರು ಎರಡನೆಯವರ ಮಾತು ಕಟ್ಟಿಕೊಂಡು, ನಾನು ನೀರಿಗೆ ಹೋಗಿದ್ದಾಗ ಬೀಜದ ರಾಗಿಯನ್ನೆಲ್ಲ ಅಂಗಳದ ಹಗೇವಿಗೆ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟಿದ್ದರು.

ಹಗೇವು ಅಂದರೆ ನೆಲವನ್ನು ಗಡಿಗೆಯಂತೆ ತೋಡಿ, ಸುತ್ತ ಹುಲ್ಲು ಒತ್ತಿ, ಉಣ್ಣುವ ರಾಗಿ ತುಂಬಿಡುವ ಗುಂಡಿ. ಬೀಜದ ರಾಗಿಗೆ ಅದು ಜಾಗವೇ ಅಲ್ಲ. ಬೀಜಕ್ಕೆ ಬೂದಿ ಬೆರೆಸಿ, ಹುಲ್ಲಿನ ಮೂಡೆ ಕಟ್ಟಿ, ಒಲೆಯ ಹೊಗೆ ತಾಗುವಂತೆ ಅಟ್ಟದಲ್ಲಿಡುವುದು ಹೆಂಗಸರ ಕೆಲಸ. ನನ್ನನ್ನು ಒಂದು ಮಾತು ಕೇಳಬಹುದಿತ್ತು.

ನಮ್ಮದು ಮೋಟು ರಾಗಿ. ಗಿಡ ಗಿಡ್ಡ, ತೆನೆ ಮುಷ್ಟಿ ಬಿಗಿಹಿಡಿದ ಹಾಗೆ. ನಾಲೆ ಬಂದ ಮೇಲೆ ನಮ್ಮೂರು ಹನಕೆರೆಯ ಸುತ್ತ ಎಲ್ಲಿ ನೋಡಿದರೂ ಕಬ್ಬು, ಬತ್ತ. ಕೊಟ್ಟಿಗೆ ಗೊಬ್ಬರ ಹೊತ್ತು, ಸಾಲಿನ ನಡುವೆ ಅವರೆ, ಹುಚ್ಚೆಳ್ಳು ಇಟ್ಟು ಆ ರಾಗಿ ಬೆಳೆಯುವ ಹುಚ್ಚರು ನಾವಿಬ್ಬರೇ ಉಳಿದಿದ್ದೆವು. ಅದು ಕೆಟ್ಟರೆ ಮತ್ತೆ ತರಲು ಇನ್ನೊಂದು ಮನೆ ಇರಲಿಲ್ಲ.

ಹಿತ್ತಿಲಾಚೆಯ ಕಬ್ಬಿಗೆ ನೀರು ಬಿಟ್ಟಾಗಲೆಲ್ಲ ನಮ್ಮ ಅಂಗಳ ತಣ್ಣಗಾಗುತ್ತಿತ್ತು. ಬೆಳಿಗ್ಗೆ ಸಾರಿಸಿದ ನೆಲ ಮಧ್ಯಾಹ್ನವಾದರೂ ಆರುತ್ತಿರಲಿಲ್ಲ. ಜವುಗು ಬಂದಿದೆ, ತೆಗೆಯಿರಿ ಎಂದೆ.

“ನಮ್ಮಪ್ಪನ ಕಾಲದ ಅಗೇವು ಕಣಮ್ಮಿ. ಒಂದ್ ತೊಟ್ಟು ನೀರು ಕಂಡಿಲ್ಲ” ಎಂದರು.

ನಿಮ್ಮಪ್ಪನ ಕಾಲದಲ್ಲಿ ನಾಲೆ ಎಲ್ಲಿತ್ತು ಎಂದದ್ದಕ್ಕೆ ಮುಖ ತಿರುಗಿಸಿಕೊಂಡು ಹೊಲಕ್ಕೆ ಹೋದರು. ಅವರ ಹಟವೂ ಪೂರಾ ಸುಳ್ಳಲ್ಲ. ಹಗೇವಿನ ಬಾಯಿ ಒಮ್ಮೆ ತೆರೆದರೆ ಗಾಳಿಯಾಡಿ ರಾಗಿ ಕೆಡುತ್ತದೆ, ಅಷ್ಟನ್ನೂ ಹೊರಗೆ ತೆಗೆಯಲೇಬೇಕು. ತೆಗೆದರೆ ಊರಿಗೆಲ್ಲ ಗೊತ್ತಾಗುತ್ತದೆ. ತೆಗೆಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಎದ್ದರೆ ಚಪ್ಪಡಿ, ಕೂತರೆ ಚಪ್ಪಡಿ. ಹಸು ಕರೆಯಲು ಕೂತವಳು ಚೊಂಬು ಅಲ್ಲೇ ಇಟ್ಟು, ಚಪ್ಪಡಿಯ ಸಂದಿಗೆ ಮೂಗಿಟ್ಟು ಮೂಸಿ ಬರುತ್ತಿದ್ದೆ. ಸಾರು ಸೀದುಹೋಗುತ್ತಿತ್ತು. ಅವರ ಮೇಲಿನ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಹುಳಿ ವಾಸನೆ ಬಂತು. ಅವರು ಮದ್ದೂರು ಸಂತೆಗೆ ಹೋಗಿದ್ದರು. ಹಾರೆ ತಂದು ಚಪ್ಪಡಿ ಮೀಟಿದೆ. ಒಳಗಿನ ಕೆಟ್ಟ ಗಾಳಿ ಆಳನ್ನೇ ಕೊಲ್ಲುತ್ತದೆ, ಅದಕ್ಕೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟೆ. ಆರಿಹೋಯಿತು. ಕಾದು ಕಾದು ಮತ್ತೆ ಬಿಟ್ಟೆ. ದೀಪ ಆರದೆ ನಿಂತ ಮೇಲೆ ನಾನೇ ಇಳಿದೆ. ಮೇಲಿನ ರಾಗಿ ಬೆಚ್ಚಗಿತ್ತು. ಕೆಳಗೆ ಕೈ ಹಾಕಿದರೆ ಹೆಂಟೆ ಹೆಂಟೆ.

ಅವರು ಬರುವ ಹೊತ್ತಿಗೆ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ರಾಗಿ, ಬೀದಿಯವರೆಲ್ಲ ನೋಡುತ್ತಿದ್ದರು. ಬೈಗಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಒಂದು ಹೆಂಟೆ ಒಡೆದರು. ಒಳಗೆಲ್ಲ ಬಿಳೀ ಮೊಳಕೆ ಬಂದು ಕೊಳೆತಿತ್ತು. ಕೂತೇಬಿಟ್ಟರು. ಆರಿಸಿ ಆರಿಸಿ ಒಂದು ಸಣ್ಣ ಮೂಡೆಯಷ್ಟು ಉಳಿಯಿತು.

“ಇನ್ ಎಲ್ಲಿಡಾನ, ನೀನೇ ಏಳು” ಎಂದರು.

ಬೀಜದ ವಿಷಯದಲ್ಲಿ ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ಅಟ್ಟದಲ್ಲಿಟ್ಟರೆ ಲೆವಿಯವರು, ನೆಲದಲ್ಲಿಟ್ಟರೆ ನೀರು. ಅವರು ಅನ್ನ ನೀರು ಬಿಟ್ಟವರಂತೆ ಹೊಲಕ್ಕೂ ಮನೆಗೂ ಅಲೆದರು. ಆಮೇಲೆ ಒಂದು ದಿನ ಮೂಡೆ ಬಿಚ್ಚಿ, ಅರ್ಧವನ್ನು ತಮ್ಮ ಪಂಚೆಯಲ್ಲೇ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ತವರಿಗೆ ತೆಗೆದುಕೊಂಡು ಹೋಗು ಎಂದರು. ನನ್ನ ತವರು ಮಳವಳ್ಳಿ ಕಡೆಯ ಬೆದ್ದಲು ಸೀಮೆ, ನಾಲೆ ಮುಟ್ಟಿರಲಿಲ್ಲ. ನನ್ನ ಗಂಡನ ಮನೆಯವರು ಹಿಟ್ಟು ಕೇಳಿದವರಿಗೆ ಹಿಟ್ಟು ಕೊಟ್ಟಾರು, ಬೀಜ ಮಾತ್ರ ತಮ್ಮ ಹುಟ್ಟಿದೂರಿನವರಿಗೂ ಕೊಟ್ಟವರಲ್ಲ.

ಮಂಡ್ಯದಲ್ಲಿ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿಸಿ, ಕಿಟಕಿಯ ಹತ್ತಿರ ಬಂದು ಹೇಳಿದರು: “ನಿಮ್ಮಣ್ಣ ಒಬ್ಬನ್ಗೇ ಕೊಟ್ಬುಟ್ಟು ಬರಬ್ಯಾಡ. ಬಿತ್ತೀನಿ ಅಂದೋರ್ಗೆಲ್ಲ ಒಂದೊಂದು ಇಡಿ ಕೊಡು.”

ಹೇಳಿದವರು ತಿರುಗಿ ನೋಡದೆ ನಡೆದರು. ಬಸ್ಸು ಹೊರಡುವವರೆಗೂ ನಾನು ಗಂಟನ್ನು ಮಡಿಲಿನಲ್ಲಿ ಅವುಚಿಕೊಂಡು ಕೂತಿದ್ದೆ, ಎಲ್ಲಿ ಓಡಿಬಂದು ವಾಪಸು ಕಿತ್ತುಕೊಳ್ಳುತ್ತಾರೋ ಎಂದು.