ಉಸಿರು ಹಿಡಿಯದ ಗುಡ್ಡ

ಸೋದರಮಾವನ ಬಲಗೈಯ ಮೂರು ಬೆರಳುಗಳ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮಕ್ತಲ್ ಬಸ್ ನಿಲ್ದಾಣದ ಹಿಂದಿನ ಎಕ್ಸ್-ರೇ ಕೋಣೆಯಲ್ಲಿ ವರ್ಷಗಟ್ಟಲೆ ಫಿಲ್ಮು ತೊಳೆದ ಬೆರಳುಗಳು ಅವು. ಊಟಕ್ಕೆ ಕೂತಾಗಲೂ ಆ ತೊಳೆಯುವ ಔಷಧಿಯ ಹುಳಿ ವಾಸನೆ ಹೊಡೆಯುತ್ತಿತ್ತು. ಅತ್ತೆ ತಟ್ಟೆಯ ಪಕ್ಕ ಚಮಚ ಇಡುತ್ತಿದ್ದರು.

"ಉಸಿರು ಹಿಡೀರಿ. ಹಾಂ, ಬಿಡ್ರಿ" ಎನ್ನುವುದೇ ಮಾವನ ದಿನದ ಮಾತು. ತೆಲುಗಿನವರು ಬಂದರೆ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದರು. ಒದ್ದೆ ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ ನೋಡುವಾಗ ಯಾರಾದರೂ "ಏನೈತ್ರೀ?" ಎಂದರೆ, "ನಾ ಫೋಟೊ ತೆಗಿಯಾಂವ. ಹೇಳಾಕ ಡಾಕ್ಟರು ಅದಾರ" ಎನ್ನುತ್ತಿದ್ದರು. ರಜೆಯಲ್ಲಿ ನಾರಾಯಣಪೇಟೆಯಿಂದ ಹೋಗಿ ಆ ಬಾಗಿಲಲ್ಲಿ ನಿಂತು ನೋಡಿದ್ದರಿಂದಲೇ ನಾನು ಭೌತಶಾಸ್ತ್ರ ಓದಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ನಿಜವೋ, ಆಮೇಲೆ ಕಟ್ಟಿಕೊಂಡದ್ದೋ, ಖಾತ್ರಿಯಿಲ್ಲ.

ಈಗ ನಾನು ಜ್ವಾಲಾಮುಖಿಗಳ ಒಳಗಿನ ಚಿತ್ರ ತೆಗೆಯುವ ತಂಡದಲ್ಲಿದ್ದೇನೆ. ಆಕಾಶದಿಂದ ಮ್ಯೂಯಾನ್ ಎಂಬ ಕಣಗಳು ಸದಾ ಸುರಿಯುತ್ತಿರುತ್ತವೆ. ಪರಮಾಣುವಿಗಿಂತ ಚಿಕ್ಕವು, ಬೆಟ್ಟವನ್ನೂ ತೂರಿ ಬರಬಲ್ಲವು. ಗಟ್ಟಿ ಕಲ್ಲಿರುವ ಕಡೆಯಿಂದ ಕಡಿಮೆ ಬರುತ್ತವೆ, ಟೊಳ್ಳಿರುವ ಕಡೆಯಿಂದ ಹೆಚ್ಚು. ಪಕ್ಕದಲ್ಲಿ ಉಪಕರಣ ಇಟ್ಟು ಎಣಿಸುತ್ತ ಹೋದರೆ ಬೆಟ್ಟದ ಒಳಗಿನ ನೆರಳು ಮೂಡುತ್ತದೆ. ಜ್ವಾಲಾಮುಖಿಯ ಬಾಯಿಯ ಕೆಳಗೆ ಕುದಿವ ಕಲ್ಲು ಏರುತ್ತಿದೆಯೇ ಎಂಬ ಸುಳಿವು, ಸಿಡಿಯುವ ಮುಂಚೆ, ಅದರಲ್ಲಿ ಸಿಗಬಹುದು.

ಕೆಲಸ ಬಿಟ್ಟು ಗದ್ವಾಲಿನಲ್ಲಿದ್ದ ಮಾವನಿಗೆ ಇದನ್ನು ವಿವರಿಸಿದಾಗ ಅವರು ಮೊದಲು ಕೇಳಿದ್ದು, "ಗುಡ್ಡಕ್ಕ ಉಸಿರು ಹಿಡಿ ಅಂತ ಹೆಂಗ ಹೇಳ್ತೀ ಅಳಿಯಾ?"

"ಅದು ಹಿಡಿಯಂಗಿಲ್ಲ ಮಾವ. ಒಂದು ಚಿತ್ರಕ್ಕ ವಾರಗಟ್ಟಲೆ ಬೇಕು."

"ಕೆಳಗ ಮಂದಿ ಅದಾರೇನು?"

"ಅದಾರ."

"ಅವರಿಗೆ ಯಾರು ಹೇಳ್ತಾರ?"

"ಬೇರೆ ಆಫೀಸಿನವರು. ನಾವು ಚಿತ್ರ ಕೊಡ್ತೀವಿ, ಅಷ್ಟ."

"ಹಂಗಾದ್ರ ಇಷ್ಟು ಓದಿ ನೀನೂ ನನ್ನಂಗ ಆದಿ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, ಅತ್ತೆಗೂ ಹೇಳದ ಸಂಗತಿಯೊಂದನ್ನು ಹೇಳಿದರು.

ಒಮ್ಮೆ ಮಾಗನೂರು ಕಡೆಯ ಕುರಿಗಾರನೊಬ್ಬ ಕೆಮ್ಮೆಂದು ಬಂದಿದ್ದ. ಡಾಕ್ಟರು ಊರಲ್ಲಿರಲಿಲ್ಲ. ಫಿಲ್ಮಿನಲ್ಲಿ ಶ್ವಾಸಕೋಶದ ಮೇಲೆ ಬಿಳಿ ಮಚ್ಚೆ ಕಂಡಿತು. ಮನಸ್ಸು ತಡೆಯದೆ ಮಾವ, "ಹೈದರಾಬಾದಿಗೆ ಹೋಗಪ್ಪ, ತಡ ಮಾಡಬ್ಯಾಡ" ಎಂದುಬಿಟ್ಟರು. ಅವನು ಕುರಿ ಮಾರಿ ಹೋದ. ಅಲ್ಲಿ ಏನೂ ಸಿಗಲಿಲ್ಲ. ಮಚ್ಚೆ ಮಾವನದೇ: ಫಿಲ್ಮು ತೊಳೆಯುವ ಮುಂಚೆ ಅವರ ಬೆರಳಿನಿಂದ ಔಷಧಿಯ ಹನಿ ತಾಗಿತ್ತು. ವಾಪಸು ಬಂದ ಕುರಿಗಾರ, "ಏನಿಲ್ಲಂತ್ರಿ ಸಾರ್, ಆರಾಮದೀನಿ" ಎಂದು ಕೈ ಮುಗಿದು, ಬೇರೆಯವರ ಕುರಿ ಕಾಯಲು ಹೋದ.

"ಬೈದಿದ್ರ ನಿದ್ದಿ ಬರ್ತಿತ್ತು" ಎಂದರು ಮಾವ.

ಇದನ್ನು ನಾನು ವಿಜ್ಞಾನಿಗಳ ಒಂದು ಸಭೆಯಲ್ಲಿ ಹೇಳಿದೆ. ಉಪಕರಣದ ದೋಷವೇ ಬೆಟ್ಟದೊಳಗಿನ ಸುದ್ದಿಯಂತೆ ಕಾಣಬಹುದು ಎನ್ನಲು ಅದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ. ಮಾವನಂತೆ ತಲೆ ಓರೆ ಮಾಡಿ ತೋರಿಸಿದೆ. ಕುರಿಗಾರ ಮೈಲಾರಲಿಂಗನಿಗೆ ಬಿಟ್ಟ ಟಗರನ್ನೂ ಮಾರಿದ ಎಂದೆ. ಮಚ್ಚೆ ಮಾವನ ಬೆರಳಿನದು ಎಂದಾಗ ಸಭೆ ಗೊಳ್ಳೆಂದು ನಕ್ಕಿತು.

ಅದರ ವಿಡಿಯೊ ಗದ್ವಾಲಿಗೆ ತಲುಪಿತು. ಮಾವನ ಮಗಳು ಇಂಗ್ಲಿಷನ್ನು ಬಿಡಿಸಿ ಹೇಳಿದಳಂತೆ. ಅತ್ತೆಯೂ ಪಕ್ಕದಲ್ಲಿ ಕೂತಿದ್ದರಂತೆ. ಮಾವ ಫೋನ್ ಮಾಡಿದರು.

"ಚಲೋ ಮಾತಾಡೀದಿ. ಟಗರಿನ ಮಾತು ನಾ ಹೇಳಿದ್ನೇನು?"

"ಹೇಳಿದ್ರಿ ಮಾವ."

"ಹೌದಾ. ಇರಬೌದು. ಅವರು ಯಾಕ ನಕ್ಕರು?"

"ಕಥಿಗಲ್ಲ, ನಾ ಹೇಳಿದ ಧಾಟಿಗೆ."

"ಹೂಂ. ಉಂಡಿಯಾ?" ಎಂದು ಮಾತು ಬದಲಿಸಿದರು.

ಆ ಮಳೆಗಾಲ ಕಳೆಯುವ ಮುಂಚೆ ಮಾವ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅತ್ತೆ ಎಲ್ಲರಿಗೂ ಕೊಟ್ಟಂತೆ ನನಗೂ ಚಹಾ ಕೊಟ್ಟರು, ವಿಡಿಯೊದ ಮಾತೆತ್ತಲಿಲ್ಲ.

ಟಗರು ಮಾವನ ಮಾತಿನಲ್ಲಿತ್ತೋ, ನಾನು ಸೇರಿಸಿದೆನೋ, ಇವತ್ತಿಗೂ ಹೇಳಲಾರೆ. ನೆನಪನ್ನು ನಂಬುವವನಲ್ಲ ನಾನು. ವಿಡಿಯೊವನ್ನು ಮಾತ್ರ ಅನುಮಾನಿಸಲಾಗದು. ಅದರಲ್ಲಿ, ಮಚ್ಚೆ ಯಾರದೆಂದು ಹೇಳುವ ಮುಂಚೆ ನಾನು ಮಾತು ನಿಲ್ಲಿಸಿ, ನೀರು ಕುಡಿದು, ಜನ ನಗಲು ತಯಾರಾಗುವವರೆಗೆ ಕಾಯುತ್ತೇನೆ.