ಗಡಿಯ ಸಾಲಿಗೆ ಕತ್ತರಿ

ಮೂವತ್ತು ವರ್ಷ ಮಕ್ಕಳಿಗೆ ವಸಂತವನ್ನು ಪಾಠ ಮಾಡಿದವಳು ನಾನು. ಮಾವು ಚಿಗುರಬೇಕು, ಕೋಗಿಲೆ ಕೂಗಬೇಕು, ವಿರಹಿಗಳು ನಿಟ್ಟುಸಿರು ಬಿಡಬೇಕು. ಪರೀಕ್ಷೆಯಲ್ಲಿ ಇಷ್ಟು ಬರೆದವರಿಗೆ ಪೂರ್ತಿ ಅಂಕ. ಆದರೆ ನಮ್ಮ ಅಥಣಿ ಕಡೆಯ ದ್ರಾಕ್ಷಿ ತೋಟಕ್ಕೆ ವಸಂತ ಕತ್ತರಿ ಹಿಡಿದುಕೊಂಡು ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ನಿವೃತ್ತಳಾದ ಮೇಲೆ. ನಮ್ಮ ಮನೆಯವರ ಮೊಣಕಾಲು ಕೈಕೊಟ್ಟು, ತೋಟ ನನ್ನ ಕೊರಳಿಗೆ ಬಿತ್ತು.

ಹಣ್ಣು ಇಳಿದು ಒಣದ್ರಾಕ್ಷಿಯ ಶೆಡ್ಡು ಸೇರಿದ ಮೇಲೆ ಬಳ್ಳಿಗೆ ಒಂದಿಷ್ಟು ದಿನ ವಿಶ್ರಾಂತಿ. ಆಮೇಲೆ ಛಾಟಣಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ. ಮರಾಠಿಯಿಂದ ದಾಟಿ ಬಂದ ಮಾತು. ಗಡಿಯಲ್ಲಿ ಮಾತುಗಳಿಗೆ ಬೇಲಿ ಇಲ್ಲ ನೋಡಿ. ಊರಿನ ಬೇವು, ಹೊಂಗೆ, ಅರಳಿಗಳೆಲ್ಲ ಹೊಸ ಎಲೆ ಉಟ್ಟು ಮೆರೆಯುವ ಹೊತ್ತಿಗೆ ನಾವು ದ್ರಾಕ್ಷಿಯ ಕಡ್ಡಿಗಳನ್ನು ಎರಡೆರಡೇ ಕಣ್ಣು ಉಳಿಸಿ ಕತ್ತರಿಸಿಬಿಡುತ್ತೇವೆ. ಕಣ್ಣು ಅಂದರೆ ಚಿಗುರು ಒಡೆಯುವ ಗಂಟು.

ಮೊದಲ ದಿನ ಕತ್ತರಿಸಿದ ತುದಿಗಳಿಂದ ಹನಿಹನಿಯಾಗಿ ನೀರು ಇಳಿಯುವುದನ್ನು ಕಂಡು ಕಂಗಾಲಾದೆ. ಇರುವೆ ಕಂಡರೆ ಕಾಲು ಹಿಂತೆಗೆಯುವ ಜೈನರ ಮನೆಯವಳು ನಾನು. ಛಾಟಣಿಯ ಹೆಣ್ಣಾಳುಗಳಿಗೆಲ್ಲ ಹಿರಿಯಳಾದ ಕಲ್ಲವ್ವನಿಗೆ, "ಬಳ್ಳಿ ಅಳಾಕತ್ತೈತಲ್ಲಬೇ," ಎಂದೆ.

ಅವಳು ಕತ್ತರಿ ನಿಲ್ಲಿಸಲಿಲ್ಲ. "ಅಳೂದಲ್ರಿ ಅಕ್ಕಾರ, ಬೇರಿಗೆ ಎಚ್ಚರಾಗೇತಿ."

ಮೂವತ್ತು ವರ್ಷದ ನನ್ನ ಪಾಠದಲ್ಲಿ ಇಂಥದೊಂದು ಮಾತು ಬಂದಿರಲಿಲ್ಲ.

ಆದರೂ ಕೊನೆಯ ಸಾಲಿಗೆ ಬಂದಾಗ, "ಇದೊಂದ ಇರಲಿ ಬಿಡ," ಎಂದು ತಡೆದೆ. ಟೀಚರಮ್ಮನಿಗೆ ದಯೆ ಉಕ್ಕಿತೆಂದು ಎಲ್ಲರೂ ತಿಳಿದರು. ನಿಜ ಹೇಳುತ್ತೇನೆ, ನಿಮ್ಮಲ್ಲೇ ಇರಲಿ: ಆ ಸಾಲಿನಾಚೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸುನಂದಾಳ ಅಂಗಳ. ಎಲೆಗಳ ಆ ಪರದೆ ಹೋದರೆ ಬೆಳಗಾದರೆ ಅವಳ ಮುಖ ನೋಡಬೇಕು.

ಮೂರು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ಬೀಗರ ಎದುರಿಗೆ ನನ್ನ ಶೇಂಗಾ ಹೋಳಿಗೆ ಮುರಿಯಲು ಹೋಗಿ, "ಅಕ್ಕಾ, ಇದನ್ನ ಮನಿ ಮ್ಯಾಲ ಹೊಚ್ಚಿದ್ರ ಮಳಿ ಸೋರೂದಿಲ್ಲ ನೋಡ," ಎಂದಿದ್ದಳು. "ಹಲ್ಲು ಸ್ವಂತದ್ದು ಇದ್ದವರಿಗೆ ಮಾಡೀನಿ," ಎಂದೆ ನಾನು. ಅವಳು ಆ ತಿಂಗಳಷ್ಟೇ ಹಲ್ಲು ಕಟ್ಟಿಸಿಕೊಂಡಿದ್ದಳು. ಹೋಳಿಗೆ ಗಟ್ಟಿಯಾಗಿತ್ತು ಎಂಬುದು ಬೇರೆ ಮಾತು. ಅಂದಿನಿಂದ, ಯುಗಾದಿಗೆ ಎರಡು ಮನೆಗಳ ನಡುವೆ ಓಡಾಡುತ್ತಿದ್ದ ಬೇವಿನ ಪಾನಕದ ತಂಬಿಗೆ ನಿಂತಿತು. ಪ್ರತಿ ಭಾದ್ರಪದದಲ್ಲಿ ಬಸದಿಗೆ ಹೋಗಿ ಸಕಲ ಜೀವಿಗಳ ಕ್ಷಮೆ ಕೇಳುತ್ತೇನೆ. ಸಕಲ ಅಂದರೆ ಸುನಂದಾಳೊಬ್ಬಳನ್ನು ಬಿಟ್ಟು.

"ಕತ್ತರಿಸ್ಲಿಲ್ಲಂದ್ರ ಹೊಸಾದು ಬರೂದಿಲ್ರಿ," ಎಂದು ಗೊಣಗುತ್ತಲೇ ಕಲ್ಲವ್ವ ಮನೆಗೆ ಹೋದಳು.

ಹದಿನೈದು ದಿನಕ್ಕೆ ತೋಟ ನನ್ನ ಬಾಯಿ ಮುಚ್ಚಿಸಿತು. ಒಣ ಕಟ್ಟಿಗೆಯಂತಿದ್ದ ಬಳ್ಳಿಗಳಲ್ಲಿ ಎಳೆಗೂಸಿನ ಬೆರಳಿನಂಥ ನಸುಗೆಂಪು ಚಿಗುರು! ಬೆಳಿಗ್ಗೆ ಸಾಲುಗಳ ನಡುವೆ ನಿಂತು ಒಂದೊಂದೇ ಚಿಗುರನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಒಂದು ದಿನವಂತೂ ಬಸದಿಗೆ ಹೊರಟವಳು ಅದನ್ನು ಮರೆತು ಅಲ್ಲೇ ಕೈಮುಗಿದು ನಿಂತೆ. ಆದರೆ ಗಡಿಯ ಸಾಲಿನಲ್ಲಿ ಹಳೆಯ ಎಲೆಗಳು ಧೂಳು ಹೊತ್ತು ಜೋತುಬಿದ್ದಿದ್ದವು. ಇಡೀ ತೋಟದಲ್ಲಿ ನಾನು ಕಾಪಾಡಿಕೊಂಡದ್ದು ಅದೊಂದನ್ನೇ. ನಾಚಿಕೆಯಾಯಿತು.

ಯುಗಾದಿಯ ಹಿಂದಿನ ದಿನ ನಾನೇ ಕತ್ತರಿ ಹಿಡಿದೆ. ನಾಲ್ಕನೆಯ ಬಳ್ಳಿ ಬೋಳಾಗುತ್ತಲೇ ತಂತಿಗಳಾಚೆ ಸುನಂದಾ ಕಂಡಳು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಅವಳ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಮೂರು ವರ್ಷದ ಮೇಲೆ ಅವಳಾಡಿದ ಮೊದಲ ಮಾತು: "ಕಡ್ಡಿ ಭಾಳ ಉದ್ದ ಬಿಟ್ಟಿ ಅಕ್ಕಾ. ಎರಡ ಕಣ್ಣ ಸಾಕು."

ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಹಂಗಾರ ನೀನ ಬಂದು ಕತ್ತರಿಸು," ಎಂದೆ.

ಸೆರಗು ಸಿಕ್ಕಿಸಿ, ತಂತಿಯ ಕೆಳಗೆ ನುಸುಳಿ ಬಂದೇಬಿಟ್ಟಳು. ಸಂಜೆಯತನಕ ಇಬ್ಬರೂ ಕತ್ತರಿಸಿದೆವು. ಕ್ಷಮೆ ಯಾರೂ ಕೇಳಲಿಲ್ಲ, ಹೋಳಿಗೆಯ ಮಾತು ಯಾರೂ ಎತ್ತಲಿಲ್ಲ. ಕೆಲಸ ಮುಗಿದಾಗ ಅವಳ ಅಂಗಳದ ಬೇವಿನ ಮರ ಬುಡದಿಂದ ತುದಿಯವರೆಗೆ ಹೂವಾಗಿದ್ದದ್ದು ಕಾಣಿಸಿತು. ಮೂರು ವಸಂತ ನಾನು ಅತ್ತ ತಿರುಗಿಯೂ ನೋಡದೆ ಅದು ಅರಳಿತ್ತು.

ಮರುದಿನ ತಂಬಿಗೆ ಬಂತು. ಬೇವಿನ ಹೂವು, ಮಾವಿನಕಾಯಿ, ಬೆಲ್ಲ, ಹುರಿಗಡಲೆ ಪುಟಾಣಿಯ ಹಿಟ್ಟು ಕದಡಿದ ಬೇವು. ತಂದವಳು ಸುನಂದಾಳೇ. ಒಂದು ಗುಟುಕು ಕುಡಿದೆ. ಕಹಿಯೋ ಕಹಿ. ಸುತ್ತ ಇಷ್ಟು ಕಬ್ಬಿನ ಗದ್ದೆಗಳಿದ್ದೂ ಬೆಲ್ಲಕ್ಕೆ ಈ ಪಾಟಿ ಕೈಬಿಗಿಯೇ?

"ಹೆಂಗಾಗೇತಿ ಅಕ್ಕಾ?" ಎಂದಳು.

ಮಾರುದ್ದದ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು. ಎರಡೇ ಕಣ್ಣು ಉಳಿಸಿ ಮಿಕ್ಕದ್ದನ್ನು ಕತ್ತರಿಸಿದೆ.

"ಚೊಲೊ ಆಗೇತಿ."